ಹೊಕ್ಕುಳಿಲ್ಲದ ವೀರರು

ಸೆಪ್ಟೆಂಬರ್ 8, ಸೋಮವಾರ

ಇವತ್ತು ಮೂರು ಹೆರಿಗೆ. ಮೊದಲಿನ ಎರಡು ಸಲೀಸು. ಮೂರನೆಯವಳು ಗೊಳಸಂಗಿಗೆ ಕೊಟ್ಟ ಹುಡುಗಿ, ಬಾಣಂತನಕ್ಕೆಂದು ತವರು ಸಿಂದಗಿಗೆ ಬಂದವಳು. ನನ್ನ ಕೈಯನ್ನು ಎಷ್ಟು ಅಮುಕಿ ಹಿಡಿದಳೆಂದರೆ ಬೆರಳ ಮೇಲೆ ಉಂಗುರದ ಗುರುತು ಇನ್ನೂ ಕೆಂಪಗಿದೆ. ಕೂಸು ಅತ್ತಿತು, ಅವಳು ನಕ್ಕಳು. ನನ್ನ ಏಪ್ರನ್ ಮೇಲೆಲ್ಲ ರಕ್ತ, ನೀರು, ಕೂಸಿನ ಮೊದಲ ಕಪ್ಪು ಹೇಲು. ತೊಳೆದುಕೊಂಡೆ. ಸ್ಟಾಫ್ ನರ್ಸ್ ಆದಾಗಿನಿಂದ ತೊಳೆದುಕೊಳ್ಳುತ್ತಲೇ ಇದ್ದೇನೆ. ಒಂದು ದಿನವೂ ಅಸಹ್ಯ ಅನಿಸಿಲ್ಲ.

ಅಸಹ್ಯ ಅನಿಸಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಎರಡು ಮಾಳಿಗೆ ಎತ್ತರದ ಫ್ಲೆಕ್ಸ್. ಬರಿಮೈಯ ಇಬ್ಬರು ಗಂಡಸರು, ಜಿಮ್ಮಿಗೆ ಹೋದಂಥ ತೋಳು, ಹಿಂದೆ ಮಿಂಚು, ಕಾಲ ಕೆಳಗೆ ಕಮಲ. "ಅಯೋನಿಜ ರಾಷ್ಟ್ರವೀರರಾದ ಶ್ರೀ ಭರಮೇಶ–ಸೋಮೇಶರ ಭವ್ಯ ಜನ್ಮೋತ್ಸವ. ಸೀಗಿ ಹುಣ್ಣಿಮೆ. ಬನ್ನಿರಿ."

ಆಲಮೇಲದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜ ಕೇಳಿದ: "ಅಯೋನಿಜ ಅಂದ್ರ ಏನ ತಂಗಿ?"

"ಹೆಂಗಸಿನ ಹೊಟ್ಟಿಲೆ ಹುಟ್ಟದೆ ಇದ್ದಾವ್ರು ಅಂತ್ರಿ."

"ಮತ್ತೆಲ್ಲಿಂದ ಬಂದಾರ? ಬಸ್ಸಿನಾಗಿಂದ ಇಳದಾರೇನ?"

ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಈ ಭರಮೇಶ–ಸೋಮೇಶರು ನಮ್ಮೂರ ಭರಮ್ಯಾ–ಸೋಮ್ಯಾ. ಅವರನ್ನು ಹೆತ್ತವಳು ಯಾರು, ಹೆರಿಗೆ ಮಾಡಿಸಿದವಳು ಯಾರು ಎಂದು ಊರಿನ ಕೂಸಿಗೂ ಗೊತ್ತು.

ಇಂಡಿಯಲ್ಲಿಯೂ ಇದೇ ಫ್ಲೆಕ್ಸ್ ಇದೆಯಂತೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ — ಎಲ್ಲ ಕಡೆ.

ಸೆಪ್ಟೆಂಬರ್ 10

ಅವ್ವನಿಗೆ ಫ್ಲೆಕ್ಸ್ ಸುದ್ದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಿಂಚಿನಾಗ ಹುಟ್ಯಾರಂತ? ಹಂಗಾದ್ರ ನಮ್ಮ ಹುಸೇನಬಿ ಕೊಯ್ದಿದ್ದು ಮಿಂಚಿನ ಹೊಕ್ಕಳಬಳ್ಳಿ ಏನ?"

ಹುಸೇನಬಿ ಅವ್ವನ ಅಜ್ಜಿಯ ಅಜ್ಜಿ. ಸೂಲಗಿತ್ತಿ. ಆಕೆಯಿಂದ ಅವ್ವನವರೆಗೂ ಅದೇ ಕೆಲಸ. ನಾನು ಅದನ್ನೇ ಯೂನಿಫಾರ್ಮ್ ಹಾಕಿಕೊಂಡು ಮಾಡುತ್ತೇನೆ, ಅಷ್ಟೇ.

ಕಥೆ ಸಣ್ಣದು. ಸೀತವ್ವ ಕೂಲಿ ಹೆಂಗಸು. ಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಹೆರಿಗೆ ಬ್ಯಾನಿ ಬಂದವು. ಹುಸೇನಬಿ ಓಡಿದಳು. ಭರಮ್ಯಾ ತಲೆ ಮುಂದಾಗಿ ಬಂದ, ಸೋಮ್ಯಾ ಕಾಲು ಮುಂದಾಗಿ. ಕುಡುಗೋಲು ಬೆಂಕಿಗೆ ಹಿಡಿದು ಬಳ್ಳಿ ಕೊಯ್ದಳು. ಅಪ್ಪ ಯಾರು? ಸೀತವ್ವ ಸಾಯುವವರೆಗೂ ಬಾಯಿ ಬಿಡಲಿಲ್ಲ. ಮಕ್ಕಳು ಬೆಳೆದರು. ಕಂಪನಿ ಸರ್ಕಾರದ ದಂಡು ಊರಿನ ನೆಲದಡಿಯ ಹಗೇವಿನ ಕಾಳು ಹೊತ್ತೊಯ್ಯಲು ಬಂದಾಗ ಅಡ್ಡ ನಿಂತು ಭೀಮೆಯ ದಂಡೆಯಲ್ಲಿ ಸತ್ತರು. ಇಬ್ಬರಿಗೂ ಗುಡಿಯಿಲ್ಲ. ಗುಡಿಯಂಥದ್ದು ಇದ್ದರೆ ಅವರನ್ನು ಹೆತ್ತವ್ವನಿಗೇ — ಬೇವಿನ ಗಿಡದ ಕೆಳಗೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮೊಣಕಾಲೆತ್ತರದ ಕಲ್ಲು. ಸೀತವ್ವ.

ನಮ್ಮೂರಲ್ಲಿ ಯಾವ ಬಸುರಿಗೂ ಸೀಮಂತದ ಕುಬಸ ಮಾಡುವ ಮೊದಲು ಆ ಕಲ್ಲಿಗೆ ಒಂದು ರವಿಕೆಯ ಖಣ ಏರಿಸಬೇಕು. ಸೀಗಿ ಹುಣ್ಣಿಮೆಗಂತೂ, ಬೆಳೆದು ನಿಂತ ಹೊಲಕ್ಕೆ ಬಸುರಿಯ ಬಯಕೆ ಊಟ ಕೊಡುವ ದಿನ, ಊರ ಹೆಂಗಸರೆಲ್ಲ ಕೂಡಿ ಸೀತವ್ವನಿಗೇ ಕುಬಸ ಮಾಡುತ್ತಾರೆ. ಮೊದಲ ಖಣ ಹುಸೇನಬಿಯ ಮನೆಯದು. ಅಂದರೆ ಅವ್ವನದು. ಇದಕ್ಕೆ ಯಾರೂ ಎಂದೂ ಹಿಂದೂ, ಮುಸಲ್ಮಾನ ಎಂದು ಹೆಸರು ಹಚ್ಚಿರಲಿಲ್ಲ. ಹೆರಿಗೆಯಲ್ಲಿ ಕೈ ಬೇಕು, ಜಾತಿ ತಗೊಂಡು ಏನು ಮಾಡುವುದು?

ಸೆಪ್ಟೆಂಬರ್ 14, ಭಾನುವಾರ

ರಜೆ. ನೆಮ್ಮದಿ ಸಿಗಲಿಲ್ಲ.

ಸಂಜೀವಕುಮಾರ ಮನೆಗೆ ಬಂದಿದ್ದ. ಮುದ್ದೇಬಿಹಾಳದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವನು, ಈಗ ಈ ಜನ್ಮೋತ್ಸವ ನಡೆಸುವ ಟ್ರಸ್ಟಿನ ಅಧ್ಯಕ್ಷ. ಎರಡು ವರ್ಷದ ಹಿಂದೆ ಭರಮ್ಯಾ–ಸೋಮ್ಯಾರನ್ನು "ಶೋಧಿಸಿದ". ನಾವೇನು ಕಳೆದುಕೊಂಡಿದ್ದೆವೋ ಗೊತ್ತಿಲ್ಲ. ಜೊತೆಗೆ ಸಿದ್ರಾಮ ಕಾಕಾ. ಸೀತವ್ವನ ವಂಶದ ಹಿರಿಯರು, ನಮ್ಮ ಓಣಿಯವರೇ. ಟ್ರಸ್ಟಿನಲ್ಲಿ ಅವರಿಗೆ ಉಪಾಧ್ಯಕ್ಷ ಪದವಿ, ಕೊರಳಲ್ಲಿ ಶಾಲು. ಬಿಸಿಲಲ್ಲಿಯೂ.

ಸಂಜೀವಕುಮಾರನ ಮಾತು ಬೆಣ್ಣೆ. "ಅಜ್ಜಿ, ನಿಮ್ಮ ಮನಿತನದ ಬಗ್ಗೆ ನಮಗ ಭಾಳ ಗೌರವ ಐತ್ರಿ. ಆದ್ರ ಈ ವರ್ಷ ಮೊದಲ ಖಣ ಏರಸೂದು ಬ್ಯಾಡ್ರಿ. ಹೊರಗಿನ ದೊಡ್ಡ ಮಂದಿ ಬರ್ತಾರ. ದೇಶಕ್ಕ ಒಂದು ಸಂದೇಶ ಹೋಗಬೇಕು."

"ಯಾವ ಸಂದೇಶ? ಸೀತವ್ವ ಹಡದಿಲ್ಲ ಅಂತನ?" ಅವ್ವ ಕೇಳಿದಳು.

"ದೈವೀ ಪುರುಷರಿಗೆ ಗರ್ಭವಾಸ ಇರೂದಿಲ್ರಿ."

ಅವ್ವ ಸಿದ್ರಾಮ ಕಾಕಾನ ಮುಖ ನೋಡಿದಳು. ಅವರು ನಮ್ಮ ಮನೆಯ ಸೂರು ನೋಡಿದರು. ಹಂಚು ಎಣಿಸುತ್ತಿದ್ದರೇನೋ. ಅವ್ವ ಚಹಾ ಕೊಟ್ಟಳು. ಅದೇ ನನಗೆ ತಡೆಯಲಾಗಲಿಲ್ಲ. ಇಂಥವರಿಗೂ ಚಹಾ!

ಸಂಜೆ ಕಟ್ಟೆಯ ಕಡೆ ಹೋದೆ. ಸೀತವ್ವ ಇಲ್ಲ. ಕಲ್ಲಿದ್ದ ಜಾಗದಲ್ಲಿ ಕುಂಕುಮದ ಕಲೆ ಮಾತ್ರ. ಎದುರಿಗೆ ಜನ್ಮಮಂಟಪ ಎದ್ದಿದೆ, ಹಿಂದೊಂದು ತಗಡಿನ ಕೋಣೆ, ಕೋಣೆಗೆ ಹಿತ್ತಾಳೆ ಕೀಲಿ. ಕಲ್ಲು ಅದರೊಳಗಿದೆಯಂತೆ. ಫ್ಲೆಕ್ಸ್, ಪ್ಲಾಸ್ಟಿಕ್ ಕುರ್ಚಿ, ಸೀತವ್ವ. ಎಲ್ಲ ಒಟ್ಟಿಗೆ.

ಮಂಟಪದಲ್ಲಿ ಹೊಸ ಮೂರ್ತಿಗಳು ನಿಂತಿದ್ದವು. ಸುತ್ತ ಮಂದಿ ಕೈ ಮುಗಿಯುತ್ತಿತ್ತು, ನಡುವೆ ಸಂಜೀವಕುಮಾರ. ನಾನು ಹತ್ತಿರ ಹೋಗಿ ನೋಡಿದೆ. ಇಪ್ಪತ್ತು ವರ್ಷ ಕೂಸಿನ ಹೊಟ್ಟೆ ನೋಡಿದ ಕಣ್ಣು, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

"ಸರ್, ಅಯೋನಿಜರಿಗೆ ಹೊಕ್ಕಳ ಎಲ್ಲಿಂದ ಬಂತ್ರಿ?"

ಯಾರೋ ಕಿಸಕ್ಕನೆ ನಕ್ಕರು. ಸಂಜೀವಕುಮಾರನೂ ನಕ್ಕ. ನಗು ಕಣ್ಣಿಗೆ ಮುಟ್ಟಲಿಲ್ಲ.

ಸೆಪ್ಟೆಂಬರ್ 17

ಹೊಕ್ಕುಳ ಮುಚ್ಚಿದರಂತೆ! ಇಬ್ಬರದೂ. ಮೇಸ್ತ್ರಿಯನ್ನು ಕರೆಸಿ, ಪುಟ್ಟಿ ತುಂಬಿ, ಮೇಲೆ ಬಣ್ಣ. ಥೂ. ಮಧ್ಯಾಹ್ನ ಡಬ್ಬಿ ಬಿಚ್ಚಿದವಳು ಹಾಗೆಯೇ ಮುಚ್ಚಿಟ್ಟೆ.

ಆದರೆ ಬರೆಯಬೇಕಾದದ್ದು ಅದಲ್ಲ. ಯಶೋಧಾ ಚೆಕಪ್ಪಿಗೆ ಬಂದಿದ್ದಳು. ಸಿದ್ರಾಮ ಕಾಕಾನ ಸೊಸೆ. ಹೊಟ್ಟೆಯಲ್ಲಿ ಅವಳಿ. ಜೊತೆಗೆ ಅತ್ತೆ ಸುಮಿತ್ರಾಬಾಯಿ, ನನಗೆ ಕಾಕು. ಯಶೋಧಾಳ ಕಾಲು ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಬಿಪಿ ನೋಡಿದೆ. ಮತ್ತೊಮ್ಮೆ ನೋಡಿದೆ. ಮೂತ್ರ ಟೆಸ್ಟಿಗೆ ಕಳಿಸಿದೆ. ರಿಪೋರ್ಟ್ ಹಿಡಿದು ನೇರ ಹುಮಾ ಡಾಕ್ಟರ ಹತ್ತಿರ.

ಹುಮಾ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಇವತ್ತ ಅಡ್ಮಿಟ್ ಆಗ್ಲಿ. ಬಿಪಿ ಹಿಡಿತಕ್ಕ ಬರಲಿಲ್ಲಂದ್ರ ಹೊತ್ತಿಗೆ ಮೊದಲ ಹೆರಿಗಿ ಮಾಡಬೇಕಾಗ್ತದ. ಬಿಟ್ರ ಫಿಟ್ಸ್ ಬರಬಹುದು. ತಾಯಿಗೂ ಕಷ್ಟ, ಕೂಸುಗಳಿಗೂ ಕಷ್ಟ."

ಸುಮಿತ್ರಾಬಾಯಿ ಸೆರಗು ಸರಿ ಮಾಡಿಕೊಂಡರು. "ಇಲ್ರಿ ಬಾಯಾರ. ಹುಣ್ಣಿಮಿಗೇ ಆಗಬೇಕಂತ ಸಂಜೀವಕುಮಾರ ಸರ್ ಮುಹೂರ್ತ ತಗಸ್ಯಾರ. ಅವಳಿ ವೀರರ ಮನಿತನದಾಗ ಮತ್ತ ಅವಳಿ! ದೇವರ ಕೊಟ್ಟ ಗುರ್ತು ಇದು. ಅವತ್ತ ಮುಂಜಾನಿ ಪ್ರೈವೇಟ್ ದವಾಖಾನಿಯಾಗ ಆಪರೇಷನ್ ಮಾಡಸಿ, ಎರಡೂ ಗಂಡ ಕೂಸು ಸ್ಟೇಜ್ ಮ್ಯಾಲ ಒಯ್ಯೂದೈತಿ."

ಎರಡೂ ಗಂಡು ಎಂದು ಯಾರು ಹೇಳಿದರು? ಯಾರೂ ಇಲ್ಲ. ವೀರರು ಗಂಡಸರು, ಆದ್ದರಿಂದ.

ಏನಾದರೂ ನಮ್ಮದೇ ಜವಾಬ್ದಾರಿ ಎಂದು ಸಹಿ ಮಾಡಿ ಕರೆದುಕೊಂಡು ಹೋದರು. ಔಷಧಿ ಕೊಟ್ಟು ಕಳಿಸಬೇಕಾಯಿತು. ಕಾಕು ಚೀಟಿ ತರಲು ಹೋದಾಗ ಯಶೋಧಾ ನನ್ನ ತೋಳು ಹಿಡಿದು ಮೆಲ್ಲಗೆ ಅಂದಳು:

"ಅಕ್ಕಾ, ಕೂಸು ಸ್ಟೇಜ್ ಮ್ಯಾಲಂತ. ಎದರಾಗ ಮಲಗಸಬೇಕು, ಯಾರ ಕೈಯಾಗ ಕೊಡಬೇಕು, ಎಲ್ಲಾ ಮಾತಾಡ್ಯಾರ. ನಾ ಎಲ್ಲಿರಬೇಕು ಅಂತ ಯಾರೂ ಹೇಳಿಲ್ಲ."

ಸೆಪ್ಟೆಂಬರ್ 18

ಡ್ಯೂಟಿ ರೂಮಿನಲ್ಲಿ ಪೇಡೆ. ಟ್ರಸ್ಟಿನವರು ಕಳಿಸಿದ್ದು. ಎಲ್ಲರೂ ತಿಂದರು. ಬೆಳ್ಳಿಹಾಳೆಯ ಮೇಲೂ ಮಿಂಚಿನ ಚಿತ್ರ.

ನಾನು ತಿನ್ನಲಿಲ್ಲ. ಬಯೋವೇಸ್ಟ್ ಡಬ್ಬಿಗೆ ಹಾಕಿದೆ. ಮಾಸು, ರಕ್ತದ ಬಟ್ಟೆ ಹಾಕುವ ಹಳದಿಗೆ.

ಸೆಪ್ಟೆಂಬರ್ 25

ಇಷ್ಟು ದಿನ ಬರೆಯಲಾಗಲಿಲ್ಲ. ಭೀಮೆಗೆ ನೀರು ಬಂದು ದಂಡೆಯ ಊರುಗಳ ಬಸುರಿಯರನ್ನೆಲ್ಲ ಮುಂಚೆಯೇ ತಂದು ಹಾಕಿದ್ದರು. ಮಂಚಕ್ಕಿಬ್ಬರು. ಡಬಲ್ ಡ್ಯೂಟಿ.

ಯಶೋಧಾ ಚೆಕಪ್ಪಿಗೆ ಬರಲಿಲ್ಲ. ಫೋನ್ ಹಚ್ಚಿದೆ. ಸಿದ್ರಾಮ ಕಾಕಾ ಎತ್ತಿದರು. ಬೈಯಲೆಂದೇ ಹಚ್ಚಿದ್ದೆ. ಬೈದೆ ಕೂಡ. ಅವರು ಕೇಳಿಸಿಕೊಂಡರು. ಆಮೇಲೆ ಅಂದರು:

"ಗುಲನಾಜ, ನಿಂಗ ಗೊತ್ತಿಲ್ಲವ್ವ. ನಾ ಸಾಲಿಗಿ ಹೋಗುಮುಂದ ಮಾಸ್ತರ ಹಾಜರಿ ಕರದ್ರ ಹಿಂದಿಂದ ಒಬ್ಬಾಂವ ಒದರತಿದ್ದ — ಅಪ್ಪಿಲ್ಲದ ಮನಿತನ ಅಂತ. ನಮ್ಮಪ್ಪಗೂ ಅಂದಾರ. ಅವರಪ್ಪಗೂ ಅಂದಾರ. ಸೀತವ್ವ ಹೆಸರ ಹೇಳದ ಸತ್ತಳು, ನಾವು ಕೇಳಕೋಂತ ಬಂದೀವಿ. ಈಗ ಒಬ್ಬಾಂವ ಬಂದು, ನೀವು ದೇವರ ಮನಿತನ ಅಂದ. ಮುಂದಿನ ಖುರ್ಚಿ ಕೊಟ್ಟ. ನಾ ಬ್ಯಾಡ ಅನ್ನಲೇನ?"

ಪಾಪ ಅನಿಸಿತು. ಅನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು. ಊರು ಹಚ್ಚಿದ ಮಸಿ ತೊಳೆಯಲು ಹೆತ್ತವಳನ್ನೇ ತೊಳೆದು ಹಾಕಬೇಕೆ?

"ಕಾಕಾ, ಆ ಹುಡಿಗಿ ಸಾಯ್ತಾಳ" ಅಂದೆ.

"ಹುಣ್ಣಿಮಿ ಮಟಾ ದೇವರ ಕಾಯ್ತಾನ" ಎಂದು ಫೋನ್ ಇಟ್ಟರು.

ಅವ್ವನಿಗೆ ಹೇಳಿದರೆ ಅವಳದು ಬೇರೆಯೇ ಚಿಂತೆ. "ಆ ಮನಿಯಾಗ ಬ್ಯಾನಿ ಸುರು ಆದ್ರ ಒಂದ ಕೀಲಿ ಹಾಕಂಗಿಲ್ಲ. ಟ್ರಂಕ, ಕಪಾಟ, ಉಪ್ಪಿನಕಾಯಿ ಭರಣಿ, ಎಲ್ಲಾ ತಗದ ಇಡ್ತಾರ. ಹೆಂಗಸರು ತುರಬ ಸುದ್ಧಾ ಬಿಚ್ಚತಾರ. ಕಟ್ಟಿದ್ದು ಬಿಚ್ಚಿದ್ರ ಕೂಸಿಗಿ ಹಾದಿ. ಈಗ ನೋಡಿದ್ರ ಸೀತವ್ವನ್ನೇ ಒಳಗ ಹಾಕಿ ಕೀಲಿ ಜಡದಾರ."

"ಅವ್ವಾ, ಬಿಪಿಗೂ ಕೀಲಿಗೂ ಸಂಬಂಧ ಇಲ್ಲ" ಅಂದೆ.

"ಇರಲಿಕ್ಕಿಲ್ಲ" ಅಂದಳು. ಒಪ್ಪಿದ ದನಿಯಲ್ಲ.

ಸೆಪ್ಟೆಂಬರ್ 28, ಭಾನುವಾರ

ಬಿಪಿ ಮಷೀನ್ ಬ್ಯಾಗಿನಲ್ಲಿ ಹಾಕಿಕೊಂಡು ಅವರ ಮನೆಗೇ ಹೋದೆ. ಯಶೋಧಾ ಒಳಗಿನ ಕೋಣೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಮುಖ ಬಾತಿದೆ. ತಲೆನೋವು ಎರಡು ದಿನದಿಂದ. ಬಿಪಿ ಮೊದಲಿಗಿಂತ ಹೆಚ್ಚು. ಗಂಡ ಮೂಲೆಯಲ್ಲಿ ಫೋನ್ ತಿರುವುತ್ತಿದ್ದ. ಅಪ್ಪ ಹೇಳದೆ ಕಡ್ಡಿ ಎತ್ತಿಡುವವನಲ್ಲ.

ಪಡಸಾಲೆಯಲ್ಲಿ ಸಂಜೀವಕುಮಾರ ಮೈಕಿನವನಿಗೆ ಪಾಠ ಹೇಳುತ್ತಿದ್ದ — ಕೂಸು ಸ್ಟೇಜ್ ಹತ್ತಿದ ಕೂಡಲೇ ಗುಡುಗಿನ ಸೌಂಡ್ ಬಿಡಬೇಕು, ಸ್ಮೋಕ್ ಎಡಗಡೆಯಿಂದ.

"ಹೊಗಿ ಬಿಡೂದು ಇರ್ಲಿ ಸರ್" ಅಂದೆ. "ಮೊದಲ ಆಕೀನ ದವಾಖಾನಿಗಿ ಬಿಡ್ರಿ."

"ಸಿಸ್ಟರ್, ನೀವು ನೆಗೆಟಿವ್ ಮಾತಾಡಬ್ಯಾಡ್ರಿ. ನಮ್ಮ ಕಡೆನೂ ಡಾಕ್ಟರ್ ಅದಾರ. ಗುಳಿಗಿ ಮ್ಯಾಲ ಎಂಟ ದಿನ ಹಿಡೀಬಹುದಂತ ಹೇಳ್ಯಾರ. ಫೋನಿನಾಗ."

ಫೋನಿನಾಗ! ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ.

ಸುಮಿತ್ರಾಬಾಯಿಯನ್ನು ಹಿತ್ತಲಿಗೆ ಕರೆದು ಕೈ ಹಿಡಿದೆ. "ಕಾಕು, ನಿಮ್ಮ ಹೆರಿಗಿ ಮಾಡಸಿದ್ದು ನಮ್ಮವ್ವ. ಆಕೀ ಮಗಳ ಮಾತ ಕೇಳ್ರಿ." ಅವರ ಕಣ್ಣಲ್ಲಿ ನೀರು ಬಂತು. ಆದರೆ ಬಾಯಲ್ಲಿ ಬಂದದ್ದು ಇನ್ನೊಂದು: "ಹಡೀದ ಇದ್ದಾಕಿ ನೀ. ನಿನಗೇನ ಗೊತ್ತಾಗ್ತದವ್ವ ಮನಿತನದ ಮಾತು?"

ಇದನ್ನು ಊರು ನನಗೆ ಆಗಾಗ ಅನ್ನುತ್ತದೆ. ಅಭ್ಯಾಸವಾಗಿದೆ ಅಂದುಕೊಂಡಿದ್ದೆ. ಇಲ್ಲ.

ಅಕ್ಟೋಬರ್ 2, ದಸರಾ

ಸಂಜೆ ಬನ್ನಿ ಕೊಡಲು ಸಂಜೀವಕುಮಾರ ನಮ್ಮ ಓಣಿಗೂ ಬಂದ. ಅವ್ವನ ಕೈಯಲ್ಲಿ ಎಲೆ ಇಟ್ಟು, ಕಾಲು ಮುಟ್ಟಿ, "ಬಂಗಾರದಂಗ ಇರೂಣ್ರಿ ಅಜ್ಜಿ" ಅಂದ. ಹಿಂದೊಬ್ಬ ಮೊಬೈಲ್ ಹಿಡಿದು ನಿಂತಿದ್ದ. ಫೋಟೋ ಸರಿ ಬರಲಿಲ್ಲವೆಂದು ಎರಡನೆಯ ಸಲ ಕಾಲು ಮುಟ್ಟಿದ.

ಅವನು ಹೋದ ಮೇಲೆ ಅವ್ವ ಎಲೆಯನ್ನು ಆಡಿನ ಮುಂದೆ ಹಾಕಿದಳು. ಆಡು ಮೂಸಿ ನೋಡಿ ಬಿಟ್ಟಿತು.

ಪ್ರತಿ ದಸರೆಯಲ್ಲೂ ಅವ್ವ ಸೀತವ್ವನ ಖಣ ತೆಗೆದಿಡುತ್ತಾಳೆ. ಈ ಸಲವೂ ತೆಗೆದಿಟ್ಟಿದ್ದಾಳೆ. ಇಳಕಲ್ಲಿನ ದಡಿಯದು, ಹಸಿರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಅಕ್ಟೋಬರ್ 4, ಶನಿವಾರ. ಸಂಜೆ. ಆಸ್ಪತ್ರೆ.

ಕೂತಲ್ಲೇ ಬರೆಯುತ್ತಿದ್ದೇನೆ. ಒಳಗೆ ಯಶೋಧಾಳನ್ನು ಓಟಿಗೆ ರೆಡಿ ಮಾಡುತ್ತಿದ್ದಾರೆ. ಇವತ್ತು ನನ್ನ ವೀಕ್ಲಿ ಆಫ್, ಜೊತೆಗೆ ಬಂದವಳು ನಾನು, ಹುಮಾ ಡಾಕ್ಟರು ಹೊರಗೆ ಕೂಡಿಸಿದ್ದಾರೆ. "ನಿನ್ನ ಮುಖ ನೋಡಿದ್ರ ಪೇಷಂಟ್ ಅಂಜತಾಳ" ಅಂದರು.

ಮಧ್ಯಾಹ್ನ ಉಣ್ಣುತ್ತಿದ್ದೆವು. ಸುಮಿತ್ರಾಬಾಯಿ ಬಾಗಿಲಲ್ಲಿ. ಕಾಲಲ್ಲಿ ಚಪ್ಪಲಿಯಿಲ್ಲ, ಕೂದಲು ಬಿಚ್ಚಿತ್ತು.

"ಮೆಹರಾಜಕ್ಕಾ, ಬಾ. ನೀರ ಹೋಗ್ಯಾವ."

ಅವ್ವ ಕೈ ತೊಳೆಯಲಿಲ್ಲ, ಹಾಗೇ ಎದ್ದಳು. ಮಂಡಿನೋವಿನ ಮುದುಕಿ, ನನಗಿಂತ ಮುಂದೆ ಓಡಿದಳು.

ಅವರ ಮನೆಯಲ್ಲಿ ಎಲ್ಲ ತೆರೆದಿತ್ತು. ಟ್ರಂಕು, ಕಪಾಟು, ಜೋಳದ ಕಣಜ, ಟ್ರ್ಯಾಕ್ಟರಿನ ಪಾನಾ ಪೆಟ್ಟಿಗೆ, ಹಿತ್ತಲ ಬಾಗಿಲು. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿತ್ತು. ಹೆಂಗಸರೆಲ್ಲ ತುರುಬು ಬಿಚ್ಚಿ ಕೂತಿದ್ದರು. ಯಶೋಧಾ ಹಲ್ಲು ಕಚ್ಚಿ ಮಲಗಿದ್ದಳು. ಬಿಪಿ ಇನ್ನೂ ಏರಿತ್ತು.

"ಅಕ್ಕಾ, ಕಣ್ಣ ಮುಂದ ಚಿಕ್ಕಿ ಕಾಣಾಕತ್ತಾವ."

108ಕ್ಕೆ ಫೋನ್ ಮಾಡಿದೆ. ಗಾಡಿ ಆಲಮೇಲದಲ್ಲೇ ಇತ್ತು, ಬೇಗ ಬಂತು. ಬಂದು ಬಾಗಿಲಲ್ಲಿ ನಿಂತಿತು. ಹತ್ತಿಸುವವರಿಲ್ಲ! ಸಿದ್ರಾಮ ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಸಂಜೀವಕುಮಾರ: "ಎರಡ ದಿನದ ಮಾತ್ರಿ ಕಾಕಾ. ಫೋನ್ ಹಚ್ಚೀನಿ, ನಮ್ಮ ಡಾಕ್ಟರೇ ಇಲ್ಲಿಗಿ ಬರ್ತಾರ, ಇಂಜೆಕ್ಷನ್ ಕೊಟ್ಟು ಬ್ಯಾನಿ ನಿಲ್ಲಸತಾರ. ಇಷ್ಟ ಮಾಡಿ ಈಗ ಕೆಡಸಬ್ಯಾಡ್ರಿ." ಗಂಡ ಅಪ್ಪನ ಬಾಯಿ ನೋಡುತ್ತ ನಿಂತಿದ್ದ. ನಾನು ಚೀರಿದೆ. ಏನೇನು ಅಂದೆನೋ. ಓಣಿಯೆಲ್ಲ ಕೂಡಿತು. ಕಾಕಾ ಅಲುಗಲಿಲ್ಲ.

ಒಳಗಿನಿಂದ ಸುಮಿತ್ರಾಬಾಯಿಯ ದನಿ: "ಎಲ್ಲಾ ತಗದೀವಿ. ಎಲ್ಲಾ ಬಿಚ್ಚೀವಿ. ಇನ್ನ ಏನ ಉಳೀತ ಮೆಹರಾಜಕ್ಕಾ?"

ಅವ್ವ ಯಶೋಧಾಳ ಬೆನ್ನು ತಿಕ್ಕುತ್ತಿದ್ದಳು. ತಲೆ ಎತ್ತದೆ ಅಂದಳು: "ಸೀತವ್ವ ಉಳದಾಳ."

ಸುಮಿತ್ರಾಬಾಯಿ ಹೊರಗೆ ಬಂದು ಸಂಜೀವಕುಮಾರನ ಮುಂದೆ ಕೈ ಚಾಚಿದರು. "ಕೀಲಿಕೈ."

"ಬಾಯಾರ, ಅದರಾಗ ಡೆಕೋರೇಷನ್ ಸಾಮಾನ ತುಂಬೇತ್ರಿ. ಫಂಕ್ಷನ್ ಮುಗೀಲಿ—"

ಮುಗಿಯುವವರೆಗೆ ಕಾಕು ನಿಲ್ಲಲಿಲ್ಲ. ಗೋಡೆಗೆ ಆನಿಸಿದ್ದ ಹಾರೆ ತಗೊಂಡು ನಡೆದರು. ಹಿಂದೆ ಕೂದಲು ಬಿಚ್ಚಿದ ಹೆಂಗಸರೆಲ್ಲ. ನಾಲ್ಕನೆಯ ಏಟಿಗೆ ಕೀಲಿ ಬಿತ್ತು. ಕಲ್ಲು ಫ್ಲೆಕ್ಸಿನ ಸುರುಳಿಗಳ ಕೆಳಗೆ ಮುಖ ಅಡಿಯಾಗಿ ಬಿದ್ದಿತ್ತು, ಮೇಲೆ ಯಾರೋ ಪೇಂಟಿನ ಡಬ್ಬಿ ಇಟ್ಟಿದ್ದರು. ನೀಲಿ ಬಣ್ಣ ಸೋರಿ ಸೀತವ್ವನ ಬೆನ್ನ ಮೇಲೆ ಒಣಗಿತ್ತು.

"ನಮ್ಮವ್ವನ್ನ ಒಳಗ ಹಾಕಿ ಕೀಲಿ ಜಡದು, ನನ್ನ ಸೊಸಿ ಹಡೀಬೇಕಂದ್ರ ಹೆಂಗ ಹಡೀತಾಳ?" ಕಾಕು ಕೂಗಿದ್ದು ಭೀಮೆಯ ಆಚೆ ದಂಡೆಗೂ ಕೇಳಿರಬೇಕು. ಕಲ್ಲನ್ನು ಉಡಿಯಲ್ಲಿ ಹಾಕಿಕೊಂಡರು. ಅಷ್ಟು ಭಾರ ಹೇಗೆ ಎತ್ತಿದರೋ. ಮನೆಗೆ ಬಂದು ಗಂಡನ ಮುಂದೆ ನಿಂತರು.

"ಇನ್ನ ನನಗ ಯಾರೂ ಹೇಳಬ್ಯಾಡ್ರಿ. ಗಾಡಿ ಹತ್ತಸ್ರಿ ಆ ಹುಡಿಗೀನ."

ಸಿದ್ರಾಮ ಕಾಕಾ ಎದ್ದರು. ಶಾಲು ಕಟ್ಟೆಯ ಮೇಲೆ ಬಿತ್ತು. ಸೊಸೆಯ ಕಾಲ ಕಡೆ ಅವರೇ ಹಿಡಿದರು.

ವಾರಗಟ್ಟಲೆ ನಾನು ಬಿಪಿ, ಬಿಪಿ ಎಂದು ಬಾಯಿ ಹರಿದುಕೊಂಡೆ. ಡಾಕ್ಟರು ಹೇಳಿದರು. ಯಾರೂ ಕೇಳಲಿಲ್ಲ. ಕೀಲಿ ಅಂದ ಕೂಡಲೇ ಕೇಳಿದರು. ಇದಕ್ಕೂ ನಾನು ಹೇಸಬೇಕು. ಆದರೆ ಅಂಬ್ಯುಲೆನ್ಸಿನಲ್ಲಿ ಯಶೋಧಾಳ ತಲೆಗೆ ಆಸರೆಯಾಗಿ ನಾನು, ಎದುರಿಗೆ ಕಲ್ಲನ್ನು ಉಡಿಯಲ್ಲಿ ಹಿಡಿದು ಕಾಕು, ಕಲ್ಲಿನ ಮೇಲೆ ಅವ್ವನ ಕೈ. ಹೇಸಲು ಆಗಲಿಲ್ಲ.

ದಾರಿಯಲ್ಲಿ ಫಿಟ್ಸ್ ಬಂತು. ವಿಜಯಪುರಕ್ಕೆ ಒಯ್ಯುವಷ್ಟು ಹೊತ್ತಿಲ್ಲ, ಇಲ್ಲೇ ಮಾಡುತ್ತೇನೆಂದು ಹುಮಾ ಡಾಕ್ಟರು—

ಬಾಗಿಲು ತೆರೆಯಿತು. ಕೂಸಿನ ಅಳು. ಒಂದು. ಒಂದೇ.

ಅಕ್ಟೋಬರ್ 5

ಯಶೋಧಾ ಉಳಿದಳು. ಗಂಡು ಕೂಸು ಉಳಿಯಿತು, ಸಣ್ಣದು, ಆದರೆ ಗಟ್ಟಿ ದನಿ.

ಎರಡನೆಯದು ಹೆಣ್ಣು. ಅಳಲಿಲ್ಲ.

ಹುಮಾ ಡಾಕ್ಟರು ಬಹಳ ಹೊತ್ತು ಪ್ರಯತ್ನಿಸಿದರು. ಆಮೇಲೆ ಗ್ಲೌಸ್ ತೆಗೆಯುತ್ತ, "ಅವತ್ತ ಅಡ್ಮಿಟ್ ಆಗಿದ್ರ..." ಎಂದರು.

ಕೂಸನ್ನು ನಾನೇ ಒರೆಸಿದೆ. ಬೆರಳು, ಉಗುರು, ಹುಬ್ಬು, ಎಲ್ಲ ಇತ್ತು. ಹೊಕ್ಕುಳಕ್ಕೆ ಕ್ಲಿಪ್ ಹಾಕುವ ಅಗತ್ಯವಿರಲಿಲ್ಲ. ಹಾಕಿದೆ. ಯಶೋಧಾಗೆ ತೋರಿಸಿದೆ. ಬೇಡ ಎಂದರು ಕೆಲವರು. ಅವಳು ಎದೆಗವಚಿಕೊಂಡು, ಬಿಚ್ಚಿ, ಪಾದ ನೋಡಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಚೂರು ಹಗುರಾಗುತ್ತಿತ್ತು.

ಸಿದ್ರಾಮ ಕಾಕಾ ಬಂದು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು. ಬೇವಿನ ಗಿಡದ ಬುಡದಲ್ಲಿ, ಸೀತವ್ವನ ಕಲ್ಲಿದ್ದ ಕಟ್ಟೆಯ ಪಕ್ಕದಲ್ಲಿ ತಾವೇ ಗುಂಡಿ ತೋಡಿದರಂತೆ. ಯಾರಿಗೂ ಸಲಿಕೆ ಕೊಡಲಿಲ್ಲವಂತೆ.

ಮಧ್ಯಾಹ್ನ ಸಂಜೀವಕುಮಾರನ ಫೋನ್. ದನಿ ಬಿದ್ದು ಹೋಗಿತ್ತು. "ಸಿಸ್ಟರ್, ನಾ ಕೆಟ್ಟದ್ದ ಬಯಸಿದ್ದಿಲ್ರಿ. ಖರೇನ." ಒಂದು ಕ್ಷಣ ನಂಬಿದೆ. ನಂಬುವಷ್ಟರಲ್ಲಿ ಅಂದ: "ಗಂಡ ಕೂಸ ಆರಾಮೈತಲ್ರಿ? ನಾಳೆ ಅರ್ಧಾ ತಾಸು ತರಬಹುದೇನ್ರಿ? ಏಸಿ ಗಾಡಿ ಕಳಸತೇವಿ."

ಫೋನ್ ಇಟ್ಟೆ. ಬೇಸಿನ್ನಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಮತ್ತೆ ತೊಳೆದೆ.

ಅಕ್ಟೋಬರ್ 6, ಸೀಗಿ ಹುಣ್ಣಿಮೆ. ಮುಂಜಾನೆ.

ಡ್ಯೂಟಿ. ವಾರ್ಡಿನಲ್ಲಿ ಯಾರದೋ ಮೊಬೈಲಿನಲ್ಲಿ ಲೈವ್. ಆಫ್ ಮಾಡಲು ಹೋದೆ, ಯಶೋಧಾ ಬೇಡವೆಂದಳು. ತನ್ನ ಹತ್ತಿರ ಕೊಡಿಸಿಕೊಂಡಳು. ಮಗ್ಗುಲಲ್ಲಿ ಕೂಸು.

ಮಂಟಪದ ತುಂಬ ಮಂದಿ. ಸ್ಟೇಜಿನ ಮೇಲೆ ಬೆಳ್ಳಿ ಬಣ್ಣದ ಎರಡು ತೊಟ್ಟಿಲು. ಉಪಾಧ್ಯಕ್ಷರ ಕುರ್ಚಿ ಖಾಲಿ. ಗುಡುಗಿನ ಸೌಂಡ್ ಬಂತು, ಎಡಗಡೆಯಿಂದ ಹೊಗೆ. ಸಂಜೀವಕುಮಾರ ಮೈಕ್ ಹಿಡಿದ. ಪುಸ್ತಕದ ಕನ್ನಡ.

"ಬಂಧುಗಳೇ, ಶತಮಾನಗಳ ನಂತರ ಅವಳಿ ವೀರರು ಮತ್ತೆ ಅವತರಿಸಿದ್ದಾರೆ. ಲೋಕದ ಕೊಳೆ ಸೋಕುವ ಮೊದಲೇ ಸೋಮೇಶನು ತಾನು ಬಂದ ಜ್ಯೋತಿಯಲ್ಲಿಯೇ ಲೀನನಾಗಿದ್ದಾನೆ. ಭರಮೇಶನು ಇನ್ನು ಕೆಲವೇ ಹೊತ್ತಿನಲ್ಲಿ ನಮಗೆ ದರ್ಶನ ಕೊಡಲಿದ್ದಾನೆ."

ಚಪ್ಪಾಳೆ. ಶಿಳ್ಳೆ. ಮಂದಿ ಕೈ ಮುಗಿದು ಖಾಲಿ ತೊಟ್ಟಿಲಿಗೆ ಹೂವು ಎಸೆಯುತ್ತಿತ್ತು.

ವಾಂತಿ ಬಂದೀತೆಂದು ಕಿಡ್ನಿ ಟ್ರೇ ಹಿಡಿದು ನಿಂತೆ.

ಯಶೋಧಾ ಫೋನ್ ಕೆಳಗಿಟ್ಟಳು. "ಅಕ್ಕಾ, ಅದು ಹೆಣ್ಣ ಕೂಸು."

"ಹೌದವ್ವ."

"ನನ್ನ ಮಗಳು. ನನ್ನ ಹೊಟ್ಟ್ಯಾಗ ಇತ್ತು. ರಾತ್ರಿ ಬಲಮಗ್ಗಲಾ ಒದೀತಿತ್ತು." ಆಮೇಲೆ ಅತ್ತಳು. ಇಷ್ಟು ದಿನದ್ದೆಲ್ಲ ಸೇರಿಸಿ.

ಸುಮಿತ್ರಾಬಾಯಿ ಎರಡು ದಿನದಿಂದ ಇಲ್ಲಿಂದ ಎದ್ದಿಲ್ಲ. ಮಂಚದ ಕೆಳಗಿಟ್ಟಿದ್ದ ಕಲ್ಲನ್ನು ಹೊರಗೆ ಎಳೆದರು. ಬೆನ್ನ ಮೇಲಿನ ನೀಲಿ ಬಣ್ಣವನ್ನು ಸ್ಪಿರಿಟ್ಟು ಹಚ್ಚಿ ತಿಕ್ಕಿದರು. ಪೂರಾ ಹೋಗಲಿಲ್ಲ. ಅರಿಷಿಣ ಹಚ್ಚಿದರು. ಮುಂಜಾನೆಯೇ ಬಂದಿದ್ದ ಅವ್ವನಿಗೆ ಅಂದರು, "ಮೆಹರಾಜಕ್ಕಾ, ಮೊದಲಿಂದು ನಿಂದು." ಅವ್ವ ಚೀಲದಿಂದ ಹಸಿರು ಖಣ ತೆಗೆದು ಏರಿಸಿದಳು. ವಾರ್ಡಿನ ಬಾಣಂತಿಯರು, ಬಸುರಿಯರು, ಯಾವ ಯಾವ ಊರಿನವರೋ, ಎದ್ದು ಬಂದರು. ಖಣ ಇಲ್ಲದವರು ಬ್ಯಾಗಿನಿಂದ ಕೂಸಿನ ಕುಲಾಯಿ ತೆಗೆದು ಇಟ್ಟರು. ಹುಮಾ ಡಾಕ್ಟರು ರೌಂಡ್ಸಿಗೆ ಬಂದವರು ನೋಡಿ, ಮೊದಲು ಪಕ್ಕದ ವಾರ್ಡಿಗೆ ಹೋದರು.

ಕೆಳಗೆ ಹಾರ್ನ್. ಕಿಟಕಿಯಿಂದ ನೋಡಿದೆ. ಹೂವು ಸುತ್ತಿದ ಗಾಡಿ, ಬಾನೆಟ್ಟಿನ ಮೇಲೆ ಮಿಂಚು. ಶಾಲು ಹಾಕಿಕೊಂಡ ನಾಲ್ವರು ಇಳಿದರು. ಒಬ್ಬನ ಕೈಯಲ್ಲಿ ಸಣ್ಣ ರೇಷ್ಮೆ ಹಾಸಿಗೆ.

ಕಾಕುಗೆ ಹೇಳಿದೆ. ಅವರು ಕಲ್ಲು ಎತ್ತಿ ವಾರ್ಡಿನ ಹೊಸ್ತಿಲಲ್ಲಿ ಅಡ್ಡ ಇಟ್ಟರು. ಅದರ ಪಕ್ಕ ಕಾಲು ಚಾಚಿ ಕೂತರು. ಅವ್ವ ಇನ್ನೊಂದು ಪಕ್ಕ.

"ಬರ್ಲಿ. ಹಡದಾಕೀನ ದಾಟಿ ಒಳಗ ಹೆಂಗ ಬರ್ತಾರ ನೋಡೇಬಿಡೂಣು."

ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಯಶೋಧಾ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಿದ್ದಾಳೆ. ಹೊಲಿಗೆ ಹರಿಯುತ್ತದೆ, ಏಳಬೇಡ ಅಂದರೂ ಏಳುತ್ತಿದ್ದಾಳೆ. ಪೆನ್ ಇಡಬೇಕು. ಹೊಸ್ತಿಲಲ್ಲಿ ಇನ್ನೊಬ್ಬಳು ಕೂಡುವಷ್ಟು ಜಾಗ ಇದೆ.